ಸೇವೆ ಮಾಡಿದರೆ ತನ್ನತನ ಕಳೆದುಹೋಗುವುದೇ?

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಯುವಕರೊಬ್ಬರು ಬರೆದ ಪತ್ರವನ್ನು ಓದಿದೆ. ಅಧ್ಯಾತ್ಮವೆಂಬುದು ಒಬ್ಬೊಬ್ಬರ ಒಳಗಿನ ಸಂಗತಿ, ಅದನ್ನು ಏಕಾಂತದಲ್ಲಿ ಹುಡುಕಬೇಕೇ ಹೊರತು ಸಮಾಜಸೇವೆಯ ಗದ್ದಲದಲ್ಲಲ್ಲ; ಸೇವೆ, ತ್ಯಾಗ ಎಂದು ಸದಾ ಇತರರ ಹಿಂದೆ ಓಡಾಡುವವರಿಗೆ ತಾವು ಯಾರೆಂದು ಕೇಳಿಕೊಳ್ಳುವುದಕ್ಕೆ ಪುರುಸೊತ್ತೇ ಸಿಗುವುದಿಲ್ಲ, ಕೊನೆಗೆ ಅವರ ತನ್ನತನವೇ ಸವೆದುಹೋಗುತ್ತದೆ ಎಂಬುದು ಆ ಪತ್ರದ ಸಾರಾಂಶ. ಬರೆದವರಲ್ಲಿ ವಾದಕ್ಕಾಗಿ ವಾದ ಮಾಡುವ ಹಟ ಕಾಣಲಿಲ್ಲ, ನಿಜವಾದ ಆತಂಕ ಕಂಡಿತು. ಆದ್ದರಿಂದಲೇ ಅದಕ್ಕೊಂದು ಉತ್ತರ ಬರೆಯಬೇಕೆನಿಸಿತು. ಪತ್ರ ದೀರ್ಘವಾಗಿದೆ, ಸಾಧ್ಯವಾದಷ್ಟನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಅವರ ಆತಂಕ ಆಧಾರವಿಲ್ಲದ್ದೆಂದು ನಾನು ಹೇಳಲಾರೆ. ನನ್ನ ತಲೆಮಾರಿನ ಹೆಣ್ಣುಮಕ್ಕಳಿಗಂತೂ ಈ ಭಯ ಹೊಸದೇನಲ್ಲ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವುದು, ಮನೆಯವರೆಲ್ಲ ಮಲಗಿದ ಮೇಲೆ ಮಲಗಿ ಅವರು ಏಳುವ ಮೊದಲೇ ಏಳುವುದು, ತನಗೇನು ಇಷ್ಟವೆಂದು ಯಾರೂ ಕೇಳದಿರುವುದು, ಕೇಳಿದರೂ ಹೇಳಲು ತೋಚದಿರುವುದು, ಇವೆಲ್ಲವನ್ನೂ ಸೇವಾಮನೋಭಾವವೆಂದೇ ಹೊಗಳುತ್ತಿದ್ದರು. ಹಾಗೆ ಇಡೀ ಆಯುಷ್ಯ ದುಡಿದು, ಅರವತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ ಬಿಡುವು ಸಿಕ್ಕರೆ ಏನು ಮಾಡುವುದೆಂದು ತಿಳಿಯದೆ ಕಂಗಾಲಾಗಿ ಕೂತ ಹೆಂಗಸರನ್ನು ನಾನು ಬಲ್ಲೆ. ಅವರ ವ್ಯಕ್ತಿತ್ವ ಸವೆದದ್ದು ನಿಜ. ಆದರೆ ಅದನ್ನು ಸವೆಸಿದ್ದು ಅವರು ಮಾಡಿದ ಸೇವೆಯಲ್ಲ, ಅವರನ್ನು ಕೇಳದೆ ಅವರಿಂದ ಪಡೆದುಕೊಂಡ ದುಡಿಮೆ. ತಾನಾಗಿ ಕೊಟ್ಟದ್ದಕ್ಕೂ ಕಸಿದುಕೊಂಡದ್ದಕ್ಕೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತೋರದಿರಬಹುದು. ಒಳಗೆ ಅನುಭವಿಸುವವರಿಗೆ ಅದು ಚೆನ್ನಾಗಿ ತಿಳಿಯುತ್ತದೆ.

ಮನೆಯಾಚೆಗೂ ಇದೇ ಕಥೆ. ಬಸುರಿ-ಬಾಣಂತಿಯರ ಯೋಗಕ್ಷೇಮ ವಿಚಾರಿಸುತ್ತ ಬಿಸಿಲು ಮಳೆಯೆನ್ನದೆ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯರು ಇದೇ ನಗರದ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಕೇಳಿದ್ದು ದುಡಿಮೆಗೆ ತಕ್ಕ ಹಣವನ್ನು. ಅವರ ಕೆಲಸವನ್ನು ಸೇವೆಯೆಂದು ಕರೆದು, ಕೊಡುವ ಅಲ್ಪ ಹಣಕ್ಕೆ ಗೌರವಧನವೆಂಬ ಹೆಸರಿಟ್ಟರೆ ಅವರ ಹೊಟ್ಟೆ ತುಂಬುವುದಿಲ್ಲ. ನಿಃಸ್ವಾರ್ಥವನ್ನು ನಾವು ನಮ್ಮಿಂದ ಮಾತ್ರ ಕೇಳಿಕೊಳ್ಳಬಹುದು. ಇನ್ನೊಬ್ಬರಿಂದ ಅದನ್ನು ವಸೂಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಇಷ್ಟರಮಟ್ಟಿಗೆ ನಾನು ಪತ್ರ ಬರೆದ ಯುವಕರ ಜೊತೆಗಿದ್ದೇನೆ.

ಆದರೆ ಏಕಾಂತದ ಸಾಧನೆ ಒಂದು ದಾರಿ, ಸೇವೆ ಅದಕ್ಕೆ ವಿರುದ್ಧವಾದ ಇನ್ನೊಂದು ದಾರಿ ಎಂದು ಅವರು ಗೆರೆ ಎಳೆದದ್ದನ್ನು ಮಾತ್ರ ಒಪ್ಪಲಾರೆ. ನಮ್ಮ ನಾಡಿನ ಅನುಭವವೇ ಅದಕ್ಕೆ ಒಪ್ಪುವುದಿಲ್ಲ. 12ನೇ ಶತಮಾನದ ಕಲ್ಯಾಣದ ಶರಣರು ದೇವರನ್ನು ಗರ್ಭಗುಡಿಯಿಂದ ತಂದು ಒಬ್ಬೊಬ್ಬರ ಅಂಗೈ ಮೇಲೆ ಇಟ್ಟರು. ನಡುವೆ ಪೂಜಾರಿಯಿಲ್ಲ, ಮುಹೂರ್ತವಿಲ್ಲ. ಅವರವರ ಇಷ್ಟಲಿಂಗ, ಅವರವರ ದೃಷ್ಟಿ. ಅದಕ್ಕಿಂತ ಹೆಚ್ಚು ವೈಯಕ್ತಿಕವಾದ ಉಪಾಸನೆಯನ್ನು ಊಹಿಸುವುದೇ ಕಷ್ಟ. ಆದರೆ ಅದೇ ಜನ, ಅದೇ ಉಸಿರಿನಲ್ಲಿ, ಕಾಯಕ ಮಾಡದೆ ಉಣ್ಣಬಾರದು, ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸದೆ ಇರಬಾರದು ಎಂದರು. ಪೂಜೆ ಒಬ್ಬೊಬ್ಬರದು, ಅನ್ನ ಎಲ್ಲರದು. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಅವರಿಗೆ ಎಂದೂ ಅನಿಸಲಿಲ್ಲ.

ಹಾಗೆ ಬದುಕಿದವರ ತನ್ನತನ ಕರಗಿತೇ ಎಂದು ನೋಡಬೇಕಾದರೆ ಅವರ ಹೆಸರುಗಳನ್ನು ನೋಡಿದರೆ ಸಾಕು. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ. ಬಟ್ಟೆ ಒಗೆದದ್ದು, ಬಿದಿರು ಹೆಣೆದದ್ದು, ಹಗ್ಗ ಹೊಸೆದದ್ದು ಅವರವರ ಹೆಸರಿನೊಂದಿಗೇ ಉಳಿದು ಬಂದಿದೆ. ಒಬ್ಬೊಬ್ಬರ ವಚನಕ್ಕೂ ಒಂದೊಂದು ಅಂಕಿತ, ಒಬ್ಬೊಬ್ಬರ ಮಾತಿಗೂ ಒಂದೊಂದು ಖಾರ, ಒಂದೊಂದು ಮೃದುತನ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡ. ದೋಣಿ ನಡೆಸುತ್ತ ಇತರರನ್ನು ದಡ ಮುಟ್ಟಿಸಿದವನ ದನಿಯಷ್ಟು ನಿರ್ಭೀತವಾದ ದನಿ ಆ ಕಾಲದಲ್ಲಿ ಬೇರೆಷ್ಟಿವೆ?

ಅವರಲ್ಲಿ ನನಗೆ ಅತ್ಯಂತ ಹತ್ತಿರವಾಗಿ ಕಾಣುವವಳು ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿಗಳು ಅವರು; ನೆಲದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ, ಅದರಲ್ಲಿ ಅಡುಗೆ ಮಾಡಿ ಬಂದವರಿಗೆ ಉಣಬಡಿಸಿ ತಾವೂ ಉಣ್ಣುವುದು ಅವರ ನಿತ್ಯದ ನೇಮ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಲಿಲ್ಲ. ನಮಗೆ ಬೇಕಾದ್ದಕ್ಕಿಂತ ಇದು ಹೆಚ್ಚು, ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿ ಎಂದಳು. ಹೆಚ್ಚು ಅಕ್ಕಿ ಇದ್ದರೆ ಹೆಚ್ಚು ಜನರಿಗೆ ಬಡಿಸಬಹುದಿತ್ತಲ್ಲ ಎಂದು ನಾವು ಕೇಳಬಹುದು. ಆದರೆ ಲಕ್ಕಮ್ಮ ಲೆಕ್ಕ ಹಾಕಿದ್ದು ಎಷ್ಟು ಜನ ಉಂಡರೆಂದಲ್ಲ. ಬಡಿಸುವವರ ಮನಸ್ಸಿನೊಳಗೆ ಆಸೆ ನುಸುಳಿತೇ ಎಂದು. ದಾಸೋಹದ ಹೆಸರಿನಲ್ಲೂ ಆಸೆ ಒಳಬರಬಹುದೆಂದು ಕಂಡುಕೊಂಡ ಆ ಹೆಣ್ಣುಮಗಳು ಗಂಡನ ಸೇವೆ ಮಾಡಿಕೊಂಡು ಬಿದ್ದಿದ್ದವಳಲ್ಲ, ಆ ಹೊತ್ತಿಗೆ ಅವನಿಗೆ ಗುರುವೇ ಆದಳು. ನಾನು ಮೇಲೆ ಹೇಳಿದ, ಕೇಳದೆ ಪಡೆದುಕೊಂಡ ದುಡಿಮೆಗೂ ಲಕ್ಕಮ್ಮನ ದಾಸೋಹಕ್ಕೂ ಇರುವ ಅಂತರ ಇದೇ. ಕೊಡುವುದಕ್ಕೆ ಮೊದಲು ತಾನೆಂಬುದೊಂದು ಅವಳಲ್ಲಿ ಗಟ್ಟಿಯಾಗಿ ನಿಂತಿತ್ತು.

ಹತ್ತಿರದ ಕಾಲಕ್ಕೆ ಬಂದರೂ ಇದೇ ಕಾಣುತ್ತದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹ ಅವರ ಬದುಕಾಗಿತ್ತು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು, ಈಗಲೂ ಓದುತ್ತಿದ್ದಾರೆ. ಹಾಗೆಂದು ನಸುಕಿಗೂ ಮೊದಲೇ ಎದ್ದು ಒಬ್ಬರೇ ಕೂತು ಮಾಡುತ್ತಿದ್ದ ಇಷ್ಟಲಿಂಗ ಪೂಜೆಯನ್ನು ಅವರು ಸೇವೆಯ ನೆಪದಲ್ಲಿ ಬಿಡಲಿಲ್ಲ, ಪೂಜೆಯ ನೆಪದಲ್ಲಿ ಮಕ್ಕಳನ್ನೂ ಮರೆಯಲಿಲ್ಲ. 1897ರಲ್ಲಿ ಸ್ಥಾಪನೆಯಾದ ರಾಮಕೃಷ್ಣ ಮಿಷನ್ ತನ್ನ ಧ್ಯೇಯವಾಕ್ಯದಲ್ಲಿ ತನ್ನ ಮೋಕ್ಷ, ಜಗತ್ತಿನ ಹಿತ ಎರಡನ್ನೂ ಒಟ್ಟಿಗೇ ಇಟ್ಟಿದೆ. ಬುಲ್ ಟೆಂಪಲ್ ರಸ್ತೆಯ ಮಠದ ಸಂಜೆಯ ಆರತಿಗೆ ಹೋಗುವ ನಮ್ಮ ಬಡಾವಣೆಯ ಹಲವರಿಗೆ ಇದು ಗೊತ್ತಿರುವ ಸಂಗತಿಯೇ.

ಧಾರ್ಮಿಕ ಸಂಸ್ಥೆಗಳ ಆಚೆಗೂ ಈ ವಿಚಾರ ಬೆಂಗಳೂರಿಗೆ ಹೊಸದಲ್ಲ. 1905ರಲ್ಲಿ ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದ ಗೋಪಾಲಕೃಷ್ಣ ಗೋಖಲೆಯವರ ಆಶಯ ಸಾರ್ವಜನಿಕ ಜೀವನವು ಅಧ್ಯಾತ್ಮದಿಂದ ಪಾವನಗೊಳ್ಳಬೇಕೆಂಬುದು. ಆ ಆಶಯವನ್ನೇ ಹಿಡಿದು ಡಿ.ವಿ. ಗುಂಡಪ್ಪನವರು 1945ರಲ್ಲಿ ಇಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ನಾಡು ಅವರನ್ನು ಸನ್ಮಾನಿಸಿ ನಿಧಿ ಅರ್ಪಿಸಿದಾಗ, ಸ್ವಂತ ಸಂಸಾರ ಬಡತನದಲ್ಲೇ ಸಾಗುತ್ತಿದ್ದರೂ, ಆ ಹಣವನ್ನು ಅವರು ಸಂಸ್ಥೆಗೇ ಕೊಟ್ಟುಬಿಟ್ಟರು. ಅಷ್ಟು ಕೊಟ್ಟವರ ವ್ಯಕ್ತಿತ್ವ ಮಸುಕಾಯಿತೆಂದು ಯಾರಾದರೂ ಹೇಳಬಲ್ಲರೇ? ಅವರು ನಡೆದಾಡಿದ ಬೀದಿಗಳಲ್ಲಿ ಇಂದಿಗೂ ಹಿರಿಯರು ಅವರ ನಡೆನುಡಿಯನ್ನು ನೆನೆದು ಮಾತಾಡುತ್ತಾರೆ.

ದೊಡ್ಡವರ ಮಾತಾಯಿತು, ನಮ್ಮಂಥ ಸಾಮಾನ್ಯರಿಗೆ ಇದು ಹೇಗೆ ಒದಗುತ್ತದೆ ಎಂದು ಕೇಳಬಹುದು. ನಾನು ಕಂಡದ್ದನ್ನೇ ಹೇಳುತ್ತೇನೆ. ಕಣ್ಣು ಕಾಣದ ವಿದ್ಯಾರ್ಥಿಗಳು ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಅವರ ಪರವಾಗಿ ಬರೆಯುವ ಕೆಲಸವೊಂದಿದೆ. ಕಾಲೇಜುಗಳಲ್ಲಿ ಇದನ್ನು ಮಾಡುವವರಿಗೆ ಸ್ಕ್ರೈಬ್ ಎನ್ನುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅಂಥ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು. ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಆತನಿಗಿಂತ ಓದಿನಲ್ಲಿ ಒಂದು ಹಂತ ಕೆಳಗಿನವರಾಗಿರಬೇಕೆಂದು ಆ ಮಾರ್ಗಸೂಚಿಯಲ್ಲಿತ್ತು. ಅಂದರೆ ಬಿ.ಎ. ವಿದ್ಯಾರ್ಥಿಗೆ ಬಿ.ಎ. ಆದವರು ಬರೆಯುವಂತಿರಲಿಲ್ಲ. ಉತ್ತರ ವಿದ್ಯಾರ್ಥಿಯದೇ ಆಗಿರಬೇಕೆಂಬುದು ಇದರ ಉದ್ದೇಶ.

ನನ್ನ ಓದು ಪಿಯುಸಿಗೆ ನಿಂತಿತು. ಮದುವೆಯಾಯಿತು, ಮನೆಯವರ ಗ್ರಂದಿಗೆ ಅಂಗಡಿಯ ಲೆಕ್ಕ ಬರೆಯುವುದರಲ್ಲಿ ವರ್ಷಗಳು ಕಳೆದವು. ಪದವಿ ಮುಗಿಸಲಾಗಲಿಲ್ಲವೆಂಬ ಕೊರಗು ನನ್ನನ್ನು ಬಹಳ ಕಾಲ ಬಿಟ್ಟಿರಲಿಲ್ಲ. ನಾಲ್ಕು ಜನ ಓದಿದವರ ನಡುವೆ ಕೂತಾಗ ಆದಷ್ಟು ಕಡಿಮೆ ಮಾತಾಡುತ್ತಿದ್ದೆ. ನಮ್ಮ ಬೀದಿಯ ನಿವೃತ್ತ ಅಧ್ಯಾಪಕಿಯೊಬ್ಬರು ಒಂದು ದಿನ ಬಂದು, ಪದವಿ ವಿದ್ಯಾರ್ಥಿಯೊಬ್ಬನಿಗೆ ಬರೆಯುವವರು ಸಿಗುತ್ತಿಲ್ಲ, ತನ್ನಂಥವರಿಗೆ ಬರೆಯಲು ನಿಯಮ ಬಿಡುವುದಿಲ್ಲ, ಪಿಯುಸಿ ಓದಿ ಅಕ್ಷರ ದುಂಡಗಿರುವ ನಿನ್ನಂಥವಳೇ ಆಗಬೇಕು ಎಂದಾಗ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಯಾವುದು ನನ್ನ ಕೊರತೆಯೆಂದು ಅಷ್ಟು ಕಾಲ ತಲೆ ತಗ್ಗಿಸಿದ್ದೆನೋ ಅದೇ ಅಲ್ಲಿ ಅರ್ಹತೆಯಾಗಿತ್ತು. ಸೇವೆಯಲ್ಲಿ ತನ್ನತನ ಕಳೆದುಹೋಗುತ್ತದೆ ಎನ್ನುವವರಿಗೆ ನಾನು ಮೊದಲು ಹೇಳಬೇಕಾದದ್ದು ಇದನ್ನೇ: ಬೇರೆ ಯಾರೂ ಆಗದ, ನಾನೇ ಆಗಬೇಕಾದ ಒಂದು ಜಾಗವಿದೆಯೆಂದು ನನಗೆ ತಿಳಿದದ್ದು ಅಲ್ಲಿ.

ಆ ಕೆಲಸ ಹೇಗಿರುತ್ತದೆಂದು ಸ್ವಲ್ಪ ವಿವರಿಸುತ್ತೇನೆ. ಬೇರೆ ವಿದ್ಯಾರ್ಥಿಗಳಿಗೆ ಅಡಚಣೆಯಾಗಬಾರದೆಂದು ಪ್ರತ್ಯೇಕ ಕೋಣೆ ಕೊಡುತ್ತಾರೆ. ಹಲವು ಸಲ ಅದು ಹಳೆಯ ಬೆಂಚುಗಳನ್ನು ಒಟ್ಟಿದ ಕೋಣೆ. ಮೇಲ್ವಿಚಾರಕರು ಬಾಗಿಲ ಬಳಿ ಕೂತಿರುತ್ತಾರೆ. ಮೊದಲು ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಹೇಳಬೇಕು, ಎಲ್ಲಿಯೂ ದನಿ ಏರಿಳಿಸಬಾರದು, ಯಾವುದು ಸುಲಭ ಯಾವುದು ಕಷ್ಟವೆಂಬ ಸುಳಿವು ನಮ್ಮ ಉಸಿರಿನಲ್ಲಿಯೂ ಸಿಗಬಾರದು. ಕೊಪ್ಪಳದ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಹುಡುಗನೊಬ್ಬ ಐದು ಅಂಕದ ಪ್ರಶ್ನೆಗಳನ್ನೆಲ್ಲ ಕೇಳಿ, "ಮೂರನೇದು ಇನ್ನೊಮ್ಮೆ ಓದ್ರಿ ಅಮ್ಮಾ" ಎನ್ನುತ್ತಿದ್ದ. ಓದಿದ ಮೇಲೆ ಬೆರಳುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಮಡಚುತ್ತಾ ಉತ್ತರದ ಅಂಶಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಆಮೇಲೆ ಹೇಳಲು ಶುರು ಮಾಡಿದರೆ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಸಹಿತ ಹೇಳುವನು. ಪುಟ ಎಷ್ಟಾಯಿತು, ಹೊತ್ತು ಎಷ್ಟಾಯಿತು ಎಂದು ಆಗಾಗ ಕೇಳುವನು. ನಾನು ಹಿಂದೆ ಬಿದ್ದರೆ ಕಾಯುವನು.

ಕರ್ನಾಟಕದ ಇತಿಹಾಸದ ಪತ್ರಿಕೆಯ ದಿನ ಅವನು ನಾಲ್ಕನೇ ಆಂಗ್ಲೋ-ಮೈಸೂರು ಯುದ್ಧದ ಬಗ್ಗೆ ಬಹಳ ಚೆನ್ನಾಗಿ ಹೇಳುತ್ತಾ ಹೋಗಿ, ಟಿಪ್ಪು ಮಡಿದದ್ದು 1792ರಲ್ಲಿ ಎಂದ. ಅದು ಮೂರನೇ ಯುದ್ಧ ಮುಗಿದು ಶ್ರೀರಂಗಪಟ್ಟಣದ ಒಪ್ಪಂದವಾದ ವರ್ಷ. ಟಿಪ್ಪು ಮಡಿದದ್ದು 1799ರಲ್ಲಿ. ಶಾಲೆಯಲ್ಲಿ ಕಲಿತದ್ದು ನನಗೆ ನೆನಪಿತ್ತು. ಪೆನ್ನು ನನ್ನ ಕೈಯಲ್ಲಿತ್ತು, ಮೇಲ್ವಿಚಾರಕರು ಕಿಟಕಿಯಾಚೆ ನೋಡುತ್ತಿದ್ದರು, ಎರಡನ್ನು ಒಂಬತ್ತು ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಆದರೆ ಅವನು ಹೇಳಿದ್ದನ್ನೇ ಬರೆದೆ. ಪರೀಕ್ಷೆ ಮುಗಿಸಿ ಹೊರಬಂದಾಗ ಅವನಿಗೆ ಆ ತಪ್ಪಿನ ಅರಿವೂ ಇರಲಿಲ್ಲ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ಮರುದಿನದ ಅರ್ಥಶಾಸ್ತ್ರದ ಪತ್ರಿಕೆಯ ಬಗ್ಗೆ ಮಾತಾಡುತ್ತಿದ್ದ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವನಿಗೆ ಅಂಕ ಹೋಯಿತಲ್ಲ ಎಂಬ ಸಂಕಟವೆಂದು ಮೊದಲು ಅಂದುಕೊಂಡೆ. ಇನ್ನೂ ಒಳಹೊಕ್ಕು ನೋಡಿದಾಗ, ನನಗೆ ಗೊತ್ತಿತ್ತು, ಗೊತ್ತಿದ್ದೂ ತೋರಿಸಲಾಗಲಿಲ್ಲ ಎಂಬ ಚಡಪಡಿಕೆಯೇ ಅದರಲ್ಲಿ ಹೆಚ್ಚಿತ್ತೆಂದು ಕಂಡಿತು. ಧ್ಯಾನಕ್ಕೆ ಕೂತಾಗ ಎಂದೂ ಮುಖ ತೋರಿಸದಿದ್ದ ಅಹಂಕಾರ ಅಂದು ಎದುರಿಗೆ ಬಂದು ನಿಂತಿತ್ತು.

ಪತ್ರ ಬರೆದ ಯುವಕರು ಇದನ್ನು ದಯವಿಟ್ಟು ಗಮನಿಸಬೇಕು. ಏಕಾಂತದಲ್ಲಿ ನಮ್ಮನ್ನು ನಾವು ನೋಡಿಕೊಳ್ಳುವಾಗ ನಮ್ಮ ಎದುರು ಯಾರೂ ಇರುವುದಿಲ್ಲ. ನಮ್ಮ ಸಹನೆಯನ್ನು ಯಾರೂ ಪರೀಕ್ಷಿಸುವುದಿಲ್ಲ, ನಮ್ಮ ಜಾಣತನಕ್ಕೆ ಯಾರೂ ಬೇಲಿ ಹಾಕುವುದಿಲ್ಲ. ಇನ್ನೊಬ್ಬರ ಇಷ್ಟದಂತೆ, ಇನ್ನೊಬ್ಬರ ವೇಗಕ್ಕೆ, ಇನ್ನೊಬ್ಬರ ತಪ್ಪನ್ನೂ ಅವರದೆಂದೇ ಬಿಟ್ಟು ಕೆಲಸ ಮಾಡಬೇಕಾಗಿ ಬಂದಾಗ ಮಾತ್ರ ನಮ್ಮೊಳಗೆ ಏನೇನು ಅಡಗಿತ್ತೆಂಬುದು ಹೊರಗೆ ಬರುತ್ತದೆ. ಏಕಾಂತ ಬೇಡವೆಂದು ನಾನು ಹೇಳುತ್ತಿಲ್ಲ. ಆ ರಾತ್ರಿ ಒಬ್ಬಳೇ ಕೂತು ಯೋಚಿಸದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಯೋಚಿಸಲು ಬೇಕಾದ ಸಾಮಗ್ರಿ ಹಗಲು ಆ ಕೋಣೆಯಲ್ಲಿ ಸಿಕ್ಕಿತ್ತು. ಸವೆಯಬೇಕಾದದ್ದು ಅಹಂಕಾರ, ಬೆಳೆಯಬೇಕಾದದ್ದು ವ್ಯಕ್ತಿತ್ವ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದ ಸೇವೆಯ ಬಗ್ಗೆ ಅವರಿಗೆ ಅಂಜಿಕೆ ಹುಟ್ಟಿದೆ ಎಂದು ನನ್ನ ಎಣಿಕೆ.

ಇನ್ನೊಂದು ಮಾತು. ಆ ಹುಡುಗನಿಗೆ ನಾನು ಉಪಕಾರ ಮಾಡಿದೆನೆಂದು ಯಾರೂ ಭಾವಿಸಬಾರದು. ಬರೆಯುವವರನ್ನು ಪಡೆಯುವುದು, ಹೆಚ್ಚು ಸಮಯ ಪಡೆಯುವುದು ಅವನಿಗೆ ಸಲ್ಲಬೇಕಾದದ್ದು. ಅದು ಯಾರ ಕರುಣೆಯೂ ಅಲ್ಲ. ನಾನು ಕೈಯನ್ನಷ್ಟೇ ಒದಗಿಸಿದೆ. ಸೇವೆ ಮಾಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಭಾವನೆ ಒಳಗಿದ್ದರೆ ಎಷ್ಟು ವರ್ಷ ದುಡಿದರೂ ಆತ್ಮೋನ್ನತಿಯಾಗುವುದಿಲ್ಲ, ಗರ್ವ ಬೆಳೆಯುತ್ತದೆ.

ನಮ್ಮ ನಗರದಲ್ಲಿ ಸೇವೆಯ ಹೆಸರಿನಲ್ಲಿ ನಡೆಯುವ ಕೆಲವು ಕಾರ್ಯಕ್ರಮಗಳನ್ನು ನೋಡಿ ನನಗೆ ನೋವಾಗುವುದು ಈ ಕಾರಣಕ್ಕೆ. 2013ರ ಕಂಪನಿ ಕಾಯ್ದೆ ಬಂದ ಮೇಲೆ, ನಿಗದಿತ ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕಾಯಿತು. ಅದರಿಂದ ಒಳ್ಳೆಯ ಕೆಲಸಗಳು ಬಹಳ ಆಗಿವೆ, ಅದನ್ನು ಅಲ್ಲಗಳೆಯಲಾರೆ. ಆದರೆ ನನಗೆ ಗೊತ್ತಿರುವ ಒಂದು ಹಾಸ್ಟೆಲಿನ ಗೋಡೆಗಳಿಗೆ ಬೇರೆ ಬೇರೆ ತಂಡಗಳು ಬಂದು, ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಹಳೆಯ ಬಣ್ಣ ಇನ್ನೂ ಚೆನ್ನಾಗಿರುವಾಗಲೇ ಮತ್ತೆ ಬಣ್ಣ ಬಳಿದು, ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಹೊರಟುಹೋಗುತ್ತಾರೆ. ಕಣ್ಣು ಕಾಣದ ಮಕ್ಕಳಿಗೆ ಆ ಬಣ್ಣದಿಂದ ಸಿಗುವುದು ನಾಲ್ಕು ದಿನದ ವಾಸನೆ. ಅಷ್ಟು ಜನರಲ್ಲಿ ಒಬ್ಬರಾದರೂ ವಾರ್ಡನ್‌ರ ಬಳಿ ಕೂತು, ನಿಮ್ಮಲ್ಲಿ ಯಾವುದಕ್ಕೆ ಅಡಚಣೆಯಿದೆ ಎಂದು ಕೇಳಿದ್ದರೆ ಉತ್ತರ ಬೇರೆಯೇ ಇರುತ್ತಿತ್ತು. ಬಂದ ಯುವಕ ಯುವತಿಯರ ಮನಸ್ಸು ಒಳ್ಳೆಯದೇ. ಕೇಳುವ ಅವಕಾಶವನ್ನೇ ಅವರಿಗೆ ಯಾರೂ ಮಾಡಿಕೊಟ್ಟಿರಲಿಲ್ಲ.

ಕೇಳಿದ್ದರೆ ವಾರ್ಡನ್ ಹೇಳುತ್ತಿದ್ದದ್ದು ಪಠ್ಯಗಳ ವಿಚಾರವನ್ನು. ಈಗ ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಆದರೆ ಅವು ಯೂನಿಕೋಡ್ ಎಂಬ, ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರಸಂಕೇತದಲ್ಲಿರುವ ಪಠ್ಯವನ್ನು ಮಾತ್ರ ಸರಿಯಾಗಿ ಓದುತ್ತವೆ. ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಟಿಪ್ಪಣಿಗಳು, ಪುಟದ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ನೋಟ್ಸು ಅವರ ಪಾಲಿಗೆ ಇದ್ದೂ ಇಲ್ಲದಂತೆ. ಯಾರಾದರೂ ಅದನ್ನು ಓದಿ ಧ್ವನಿಮುದ್ರಿಸಬೇಕು, ಇಲ್ಲವೇ ಹೊಸದಾಗಿ ಟೈಪು ಮಾಡಬೇಕು. ನಾನು ಮಧ್ಯಾಹ್ನ ಅಡುಗೆಮನೆಯ ಕೆಲಸ ಮುಗಿದ ಮೇಲೆ ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಒಂದೊಂದು ಅಧ್ಯಾಯ ಓದಿ ಕಳಿಸುತ್ತೇನೆ. ಕೋಷ್ಟಕ ಬಂದರೆ ಅಡ್ಡಸಾಲು, ಕಂಬಸಾಲು ಎಂದು ಬಿಡಿಸಿ ಹೇಳಬೇಕು. ಭೂಪಟ ಬಂದರೆ ಯಾವ ಊರು ಯಾವ ದಿಕ್ಕಿಗಿದೆ ಎಂದು ವಿವರಿಸಬೇಕು. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಆ ಪುಟ ಮತ್ತೆ ಮೊದಲಿನಿಂದ. ಈ ಕೆಲಸಕ್ಕೆ ಫೋಟೊ ಇಲ್ಲ, ಪ್ರಮಾಣಪತ್ರ ಇಲ್ಲ. ಯಾರು ಕೇಳುತ್ತಾರೆ, ಯಾವ ಊರಿನ ಯಾವ ಹುಡುಗಿ ಇಯರ್‌ಫೋನ್ ಹಾಕಿಕೊಂಡು ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಕೇಳುತ್ತಿದ್ದಾಳೆ ಎಂಬುದು ನನಗೆ ತಿಳಿಯುವುದೂ ಇಲ್ಲ.

ಹೀಗೆ ಪಡೆದವರ ಮುಖ ಕಾಣದಂತೆ ಕೊಡುವುದರಲ್ಲಿ ಒಂದು ವಿಶೇಷವಾದ ಶುದ್ಧಿಯಿದೆಯೆಂದು ನನಗೆ ತೋರುತ್ತದೆ. ರಕ್ತದಾನ ಅಂಥದ್ದು. ಒಮ್ಮೆಗೆ 350 ಅಥವಾ 450 ಮಿಲಿಲೀಟರ್ ರಕ್ತ ಕೊಟ್ಟು ಬಿಸ್ಕತ್ತು ತಿಂದು ಎದ್ದು ಬಂದವರಿಗೆ ಅದು ಯಾರ ಮೈಗೆ ಹೋಯಿತೆಂದು ಎಂದೂ ಗೊತ್ತಾಗುವುದಿಲ್ಲ. ಕೆಂಪು ರಕ್ತಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಟ್ಟು ಒಬ್ಬರಿಗಿಂತ ಹೆಚ್ಚು ಜನಕ್ಕೂ ಹೋಗಬಹುದು. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಾದ್ದರಿಂದ ಕೂಡಿಡುವಂತಿಲ್ಲ, ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗ ಯಾರಾದರೂ ಮತ್ತೆ ಮತ್ತೆ ಬರುತ್ತಲೇ ಇರಬೇಕು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆ ದುಃಖದ ದಿನಗಳಲ್ಲಿ ನೇತ್ರದಾನದ ಪತ್ರಕ್ಕೆ ಸಹಿ ಹಾಕಿದವರಲ್ಲಿ ನಮ್ಮ ಮನೆಯವರೂ ಸೇರಿದ್ದಾರೆ. ಆದರೆ ಕಾರ್ನಿಯಾ ಕೆಟ್ಟವರಿಗೆ ಮಾತ್ರ ಇದು ಒದಗುತ್ತದೆ. ಕಣ್ಣಿನ ನರವೇ ಹಾನಿಗೊಂಡವರಿಗೆ ಒದಗುವುದಿಲ್ಲ. ಆದ್ದರಿಂದ ಓದಿ ಹೇಳುವವರ, ಬರೆದುಕೊಡುವವರ ಅಗತ್ಯ ಹಾಗೆಯೇ ಉಳಿಯುತ್ತದೆ.

ಸೇವೆ ಮಾಡಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಪ್ರವಚನಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದನ್ನು ಪೂರ್ತಿಯಾಗಿ ಒಪ್ಪಲು ನನ್ನಿಂದಾಗದು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು, ಯಾವ ಕೌಂಟರಿಗೆ ಹೋಗಬೇಕೆಂದು ತಿಳಿಯದೆ ನಿಂತ ವಯಸ್ಸಾದ ದಂಪತಿಗಳಿಗೆ ಚೀಟಿ ಓದಿ ಹೇಳಿ ದಾರಿ ತೋರಿಸಿದ ದಿನ ಮನೆಗೆ ಬಂದು ಉಣ್ಣಲು ಮನಸ್ಸಾಗುವುದಿಲ್ಲ. ನೆಮ್ಮದಿಯ ಆಸೆಯಿಂದ ಸೇವೆಗೆ ಹೋದವರು ಅದು ಸಿಗದಿದ್ದಾಗ ಬೇಗ ಬಿಟ್ಟುಬಿಡುತ್ತಾರೆ. ಅದೂ ಒಂದು ಬಗೆಯ ಫಲಾಪೇಕ್ಷೆಯೇ. ನನಗೆ ದೊರಕಿದ್ದು ನೆಮ್ಮದಿಗಿಂತ ಬೇರೆಯಾದದ್ದು. ಎದುರಿಗಿರುವವರು ಮಾತು ಮುಗಿಸುವವರೆಗೆ ಕಾಯುವುದನ್ನು ಕಲಿತಿದ್ದೇನೆ. ಸೊಸೆ ಏನಾದರೂ ಹೇಳುವಾಗ ನಡುವೆ ಬಾಯಿ ಹಾಕುವ ಅಭ್ಯಾಸ ಕಡಿಮೆಯಾಗಿದೆಯೆಂದು ಅವಳೇ ಹೇಳಿದ್ದಾಳೆ. ಓದಿದವರ ನಡುವೆ ಕೂತಾಗ ಈಗ ಮೊದಲಿನಂತೆ ಕುಗ್ಗುವುದಿಲ್ಲ, ಹಾಗೆಂದು ನನ್ನನ್ನು ತೋರಿಸಿಕೊಳ್ಳಬೇಕೆಂಬ ಹಂಬಲವೂ ಇಲ್ಲ. ಇದನ್ನು ಅಧ್ಯಾತ್ಮವೆಂದು ಕರೆಯುವಷ್ಟು ದೊಡ್ಡ ಮಾತು ನನ್ನ ಬಾಯಿಂದ ಬರಬಾರದೇನೋ. ಆದರೆ ಬೇರೆ ಯಾವ ಹೆಸರಿನಿಂದ ಕರೆಯಬೇಕೆಂದು ನನಗೆ ಹೊಳೆಯುತ್ತಿಲ್ಲ.

ಸಂಪಾದಕರಲ್ಲಿ ಒಂದು ವಿನಂತಿಯೊಂದಿಗೆ ಮುಗಿಸುತ್ತೇನೆ. ನಿಮ್ಮ ಪತ್ರಿಕೆಯಲ್ಲಿ ದಿನವೂ ನಗರದ ಕಾರ್ಯಕ್ರಮಗಳ ಪಟ್ಟಿ ಬರುತ್ತದೆ: ಎಲ್ಲಿ ಪ್ರವಚನ, ಎಲ್ಲಿ ಭಜನೆ, ಎಲ್ಲಿ ಗೀತಾ ಉಪನ್ಯಾಸ ಎಂದು. ಬಹಳ ಹಿರಿಯರು ಅದನ್ನು ನೋಡಿಯೇ ಅಂದಿನ ಸಂಜೆಯನ್ನು ನಿರ್ಧರಿಸುತ್ತಾರೆ. ಅದೇ ಪಟ್ಟಿಯ ಪಕ್ಕದಲ್ಲಿ, ಪರೀಕ್ಷೆಗಳು ಹತ್ತಿರವಾಗುವ ವಾರಗಳಲ್ಲಾದರೂ, ಯಾವ ಬಡಾವಣೆಯ ಯಾವ ಕಾಲೇಜಿನಲ್ಲಿ ಯಾವ ದಿನ ಬರೆಯುವವರು ಬೇಕಾಗಿದ್ದಾರೆ, ಎಷ್ಟು ಓದಿದವರು ಬರೆಯಬಹುದು, ಯಾವ ವಿಷಯದ ಪಠ್ಯವನ್ನು ಓದಿ ಕಳಿಸಬೇಕಾಗಿದೆ ಎಂಬುದಕ್ಕೆ ನಾಲ್ಕು ಸಾಲಿನ ಜಾಗ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ವಿದ್ಯಾರ್ಥಿಗಳ ಹೆಸರು ಹಾಕುವುದು ಬೇಡ. ಕಾಲೇಜಿನ ಕಚೇರಿಯನ್ನು ಸಂಪರ್ಕಿಸಿ ಎಂದರೆ ಸಾಕು. ಒಂದೊಂದು ಕಾಲೇಜು, ವಿಶ್ವವಿದ್ಯಾಲಯದ ನಿಯಮ ಸ್ವಲ್ಪ ಬೇರೆಯಿರಬಹುದಾದ್ದರಿಂದ ಬರುವವರು ಗುರುತಿನ ಚೀಟಿ, ಅಂಕಪಟ್ಟಿಯೊಂದಿಗೆ ಎರಡು ಮೂರು ದಿನ ಮೊದಲೇ ಹೋಗಿ ಒಪ್ಪಿಗೆ ಪಡೆದುಕೊಳ್ಳಬೇಕೆಂಬ ಸೂಚನೆಯೂ ಇದ್ದರೆ ಒಳ್ಳೆಯದು. ಪತ್ರ ಬರೆದ ಯುವಕರು ಪದವೀಧರರಾಗಿದ್ದರೆ, ಅಲ್ಲಿನ ನಿಯಮ ಒಪ್ಪಿದರೆ, ಅವರು ಎಂ.ಎ. ವಿದ್ಯಾರ್ಥಿಗಳಿಗೆ ಬರೆಯಬಹುದು, ಅಲ್ಲಿ ಬರೆಯುವವರ ಅಭಾವ ಇನ್ನೂ ಹೆಚ್ಚು.

ಇತಿ ನಮಸ್ಕಾರಗಳೊಂದಿಗೆ,

ನಿಮ್ಮ ಓದುಗರಲ್ಲೊಬ್ಬಳು,
ಹನುಮಂತನಗರ, ಬೆಂಗಳೂರು